ಫ್ಲೂ ಶಾಟ್ ಆದ್ಮೇಲೆ ಎಡಭುಜ ಹಿಡ್ಕೊಂಡು 32 ತಿಂಗಳು: ಪರಿಹಾರಕ್ಕೆ ಅರ್ಜಿ ಹಾಕೋಕೆ ಇನ್ನೂ ಟೈಮ್ ಇದ್ಯಾ?

ಎಡಗೈನೋವು (2025 ಜೂನ್)

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿರೋರಿಗೆ ಯಾರಿಗಾದ್ರೂ ಇದರ ಅನುಭವ ಇದ್ರೆ ದಯವಿಟ್ಟು ಹೇಳಿ. ಸ್ವಲ್ಪ ಉದ್ದ ಆಗತ್ತೆ.

2022ರ ಅಕ್ಟೋಬರ್ 14, ಶುಕ್ರವಾರ ಸಂಜೆ. ಆಫೀಸಿಂದ ಬರ್ತಾ ಫಾರ್ಮಸಿಯಲ್ಲಿ ಫ್ಲೂ ಶಾಟ್ ಹಾಕಿಸ್ಕೊಂಡೆ. ಬಿಗಿಯಾದ ಉದ್ದ ತೋಳಿನ ಸ್ವೆಟರ್ ಹಾಕಿದ್ದೆ, ತೋಳು ಮೇಲಕ್ಕೆ ಸರಿಸೋಕೆ ಬರ್ಲಿಲ್ಲ. ಕತ್ತಿನ ಹತ್ರಾನೇ ಎಡಕ್ಕೆ ಜಗ್ಗಿ ಭುಜ ತೋರ್ಸಿದೆ. ನಾನು ಕೂತಿದ್ದೆ, ಹಾಕಿದವರು ನಿಂತಿದ್ರು. ಮನೆಗೆ ಬಂದು ನೋಡಿದ್ರೆ ಆ ಪುಟ್ಟ ಬ್ಯಾಂಡೇಜು ಭುಜದ ಮೂಳೆ ತುದಿಯಿಂದ ಒಂದೇ ಬೆರಳು ಕೆಳಗಿತ್ತು. ಪ್ರತಿವರ್ಷ ರಟ್ಟೆ ಮೇಲಿರ್ತಿತ್ತಲ್ಲ ಅನ್ಕೊಂಡೆ, ಅಷ್ಟೇ.

ರಾತ್ರಿ ಮಗ್ಗುಲಾದ್ರೆ ಜೀವ ಹೋಗೋ ನೋವು. ಮಾರನೇ ದಿನ ಜಡೆ ಹಾಕ್ಕೊಳ್ಳೋಕೆ ಕೈ ಎತ್ತೋಕಾಗ್ಲಿಲ್ಲ. ಎಲ್ರೂ "ಎರಡು ದಿನ ಇರತ್ತೆ, ಹೋಗತ್ತೆ" ಅಂದ್ರು. ನಾನೂ ಹಾಗೇ ಅನ್ಕೊಂಡು ಐಬುಪ್ರೊಫೆನ್ ನುಂಗ್ತಾ ಕೂತೆ. ಡಾಕ್ಟರ ಹತ್ರ ಹೋಗಿದ್ದು ಜನವರಿ ಕೊನೆಗೆ. ಎಂಆರ್‌ಐಯಲ್ಲಿ ಬರ್ಸೈಟಿಸ್ ಬಂತು, ಆಮೇಲೆ ಆರ್ಥೋ ಡಾಕ್ಟರು ಫ್ರೋಜನ್ ಶೋಲ್ಡರ್ ಅಂದ್ರು. ಒಂದು ಸ್ಟೀರಾಯ್ಡ್ ಇಂಜೆಕ್ಷನ್, ಫೆಬ್ರವರಿಯಿಂದ ಜೂನ್‌ವರೆಗೆ ಪಿಟಿ (ಫಿಸಿಕಲ್ ಥೆರಪಿ). ಇವತ್ತಿಗೂ ಮೇಲಿನ ಶೆಲ್ಫಿಂದ ಡಬ್ಬ ತೆಗೀಬೇಕಂದ್ರೆ ಬಲಗೈನೇ.

ಇಂಥದ್ದಕ್ಕೆ ಸರ್ಕಾರದ ಪರಿಹಾರ ಇದೆ ಅಂತ ಹೋದವಾರ ಸಹೋದ್ಯೋಗಿಯೊಬ್ಬರು ಹೇಳಿದ್ರು. ನಮ್ಮೆಜಮಾನ್ರು "ಗ್ರೀನ್ ಕಾರ್ಡ್ ಬರೋ ಟೈಮಲ್ಲಿ ಕೇಸು ಗೀಸು ಬೇಡ" ಅಂತಾರೆ. ನಂಗೂ ಆ ಫಾರ್ಮಸಿಯ ಹುಡುಗಿ ಮೇಲೆ ಕೇಸ್ ಹಾಕೋಕೆ ಮನಸ್ಸಿಲ್ಲ, ಪಾಪ. ಏನ್ಮಾಡ್ಲಿ?

ಸುಮ್ನೆಓದುಗ

ಆಗಲ್ಲ ಬಿಡಿ. ಲಸಿಕೆ ಕಂಪನಿಗಳ ಮೇಲೆ ಇಲ್ಲಿ ಕೇಸ್ ಹಾಕೋ ಹಾಗೇ ಇಲ್ಲ, ಕಾನೂನೇ ರಕ್ಷಣೆ ಕೊಟ್ಟಿದೆ. ಲಾಯರ್‌ಗೆ ದುಡ್ಡು ಸುರಿಯೋದು ದಂಡ.

ಕಡತಪ್ಪ

ಓದುಗರೇ, ಅರ್ಧ ಸತ್ಯ ಹೇಳಿ ಹೆದರಿಸ್ಬೇಡಿ. ಕಂಪನಿಗೆ ರಕ್ಷಣೆ ಕೊಟ್ಟ ಅದೇ 1986ರ ಕಾನೂನೇ ಪರಿಹಾರದ ದಾರೀನೂ ಮಾಡಿದೆ. ವ್ಯಾಕ್ಸಿನ್ ಇಂಜುರಿ ಕಾಂಪೆನ್ಸೇಷನ್ ಪ್ರೋಗ್ರಾಂ ಅಂತ, 1988ರಿಂದ ನಡೀತಿದೆ. ನಾನು ಇದೇ ದಾರೀಲಿ ಹೋಗಿ ಬಂದವನು. ನಂದು ಬಲಭುಜ, 2018ರ ಫ್ಲೂ ಶಾಟ್.

ಎಡಗೈನೋವು ಅವರೇ, ಮೊದಲು ಆ ಹುಡುಗಿ ವಿಷಯ ಮನಸ್ಸಿಂದ ತೆಗೀರಿ. ಈ ಕೇಸಲ್ಲಿ ಎದುರು ಪಾರ್ಟಿ ಅವಳೂ ಅಲ್ಲ, ಫಾರ್ಮಸೀನೂ ಅಲ್ಲ. ಹೆಲ್ತ್ ಅಂಡ್ ಹ್ಯೂಮನ್ ಸರ್ವಿಸಸ್ ಇಲಾಖೆಯ ಕಾರ್ಯದರ್ಶಿ. ಅವರ ಪರವಾಗಿ ವಾದ ಮಾಡೋದು ಜಸ್ಟಿಸ್ ಡಿಪಾರ್ಟ್‌ಮೆಂಟಿನ ಲಾಯರ್. ಯಾರು ತಪ್ಪು ಮಾಡಿದ್ರು ಅಂತ ಯಾರೂ ಕೇಳಲ್ಲ. ಸೂಜಿಯಿಂದ ಪೆಟ್ಟಾಯ್ತಾ ಅನ್ನೋದಷ್ಟೇ ಪ್ರಶ್ನೆ.

ನಿಮ್ಮ ತೊಂದ್ರೆಗೆ ಅಲ್ಲಿ ಸಿರ್ವಾ ಅಂತ ಹೆಸರಿದೆ, ಅಂದ್ರೆ ಲಸಿಕೆ ಚುಚ್ಚಿದ್ದರಿಂದ ಭುಜಕ್ಕಾಗೋ ಪೆಟ್ಟು. 2017ರ ಮಾರ್ಚ್ 21ರಿಂದ ಅದು ಪರಿಹಾರದ ಪಟ್ಟಿಯಲ್ಲೇ ಇದೆ. ಪಟ್ಟಿಯಲ್ಲಿದ್ರೆ ಏನು ಲಾಭ ಅಂದ್ರೆ, ಷರತ್ತುಗಳು ಕೂಡಿದ್ರೆ ಲಸಿಕೆಯಿಂದಲೇ ಆಯ್ತು ಅಂತ ಎಕ್ಸ್‌ಪರ್ಟ್ ತಂದು ಸಾಬೀತು ಮಾಡೋ ಹೊರೆ ತಪ್ಪತ್ತೆ. ಷರತ್ತು ನಾಲ್ಕು: ಆ ಭುಜಕ್ಕೆ ಇದನ್ನ ವಿವರಿಸೋ ಅಂಥ ಹಳೇ ನೋವು ಇರಬಾರದು, ಲಸಿಕೆ ಆಗಿ 48 ಗಂಟೆ ಒಳಗೆ ನೋವು ಶುರುವಾಗಿರಬೇಕು, ನೋವು, ಬಿಗಿತ ಎರಡೂ ಲಸಿಕೆ ಹಾಕಿದ ಭುಜದಲ್ಲೇ ಇರಬೇಕು, ಕತ್ತಿನ ನರ ಒತ್ತಿದ್ದು ಇತ್ಯಾದಿ ಬೇರೆ ಕಾರಣ ಇರಬಾರದು. ಇದರ ಜೊತೆಗೆ ತೊಂದ್ರೆ ಆರು ತಿಂಗಳಿಗಿಂತ ಜಾಸ್ತಿ ಇದ್ದಿರಬೇಕು, ಇಲ್ಲಾಂದ್ರೆ ಆಸ್ಪತ್ರೆಗೆ ಅಡ್ಮಿಟ್ ಆಗಿ ಆಪರೇಷನ್ ಆಗಿರಬೇಕು.

ಟೈಮು: ಮೊದಲ ಲಕ್ಷಣ ಕಾಣಿಸ್ಕೊಂಡ ದಿನದಿಂದ ಮೂರು ವರ್ಷ. ನಿಮಗದು ಈ ಅಕ್ಟೋಬರ್ 14. ಅಂದ್ರೆ ನಾಲ್ಕು ತಿಂಗಳಿದೆ. ಒಂದು ದಿನ ದಾಟಿದ್ರೂ ಮುಗೀತು. ಇವತ್ತೇ ಲಾಯರ್‌ಗೆ ಫೋನ್ ಮಾಡಿ, ನನ್ನ ಉಳಿದ ಪುರಾಣ ಆಮೇಲೆ ಓದಿ.

ಎಡಗೈನೋವು

ಓದ್ತಾ ಓದ್ತಾ ಕೈ ತಣ್ಣಗಾಯ್ತು. ನಾಲ್ಕೇ ತಿಂಗಳಾ! ಲಾಯರ್ ಫೀ ಎಷ್ಟಾಗತ್ತೆ? ಇಬ್ಬರು ಮಕ್ಕಳು, ಡೇಕೇರ್, ನಾವು ಅಂಥ ಸ್ಥಿತಿವಂತರಲ್ಲ.

ಕಡತಪ್ಪ

ನಿಮ್ಮ ಜೇಬಿಂದ ಏನೂ ಇಲ್ಲ. ಲಾಯರ್ ಫೀ ಪರಿಹಾರದಲ್ಲಿ ಪಾಲಲ್ಲ, ಅದನ್ನ ಕೋರ್ಟು ಬೇರೆಯಾಗೇ ಮಂಜೂರು ಮಾಡತ್ತೆ. ಸೋತ್ರೂ ಕೊಡತ್ತೆ, ಅರ್ಜಿ ಪ್ರಾಮಾಣಿಕವಾಗಿ, ಆಧಾರ ಇಟ್ಟುಕೊಂಡು ಹಾಕಿದ್ರೆ. ನಿಮ್ಮ ಹತ್ರ ಮೂರರಲ್ಲೊಂದು ಪಾಲು ಕೇಳೋ ಲಾಯರ್ ಸಿಕ್ಕಿದ್ರೆ ಅಲ್ಲಿಂದ ಎದ್ದು ಬನ್ನಿ, ಈ ಕಾನೂನಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಕೋರ್ಟಿನ ಫೈಲಿಂಗ್ ಫೀ 405 ಡಾಲರ್, ಸಾಮಾನ್ಯವಾಗಿ ಲಾಯರೇ ಕಟ್ಟಿ ಆಮೇಲೆ ವಸೂಲಿ ಮಾಡ್ಕೋತಾರೆ. ಆದ್ರೆ ರಸ್ತೆ ಅಪಘಾತದ ಲಾಯರ್ ಹಿಡೀಬೇಡಿ, ಈ ಕೋರ್ಟಿನಲ್ಲೇ ಕೆಲಸ ಮಾಡಿದವರು ಬೇಕು. ಕೋರ್ಟ್ ಇರೋದು ವಾಷಿಂಗ್ಟನ್ ಡಿಸಿಯಲ್ಲಿ, ಕೋರ್ಟ್ ಆಫ್ ಫೆಡರಲ್ ಕ್ಲೇಮ್ಸ್. ಲಾಯರ್ ಯಾವ ರಾಜ್ಯದಲ್ಲಿದ್ರೂ ನಡಿಯತ್ತೆ. ನಾನು ನನ್ನ ಲಾಯರ್ ಮುಖ ನೋಡಿದ್ದೇ ವಿಡಿಯೋದಲ್ಲಿ.

ಗ್ರೀನ್ ಕಾರ್ಡ್ ಬಗ್ಗೆ: ಲಸಿಕೆ ಅಮೆರಿಕದಲ್ಲಿ ಹಾಕಿದ್ರೆ ಸಾಕು, ಪೌರತ್ವ ಕೇಳಲ್ಲ. ನಾನು ಎಚ್-1ಬಿಯಲ್ಲಿದ್ದಾಗಲೇ ಹಾಕಿದ್ದು, ಏನೂ ಆಗ್ಲಿಲ್ಲ. ಯಜಮಾನ್ರಿಗೆ ಸಮಾಧಾನ ಆಗದಿದ್ರೆ ನಿಮ್ಮ ಇಮಿಗ್ರೇಷನ್ ಲಾಯರ್‌ಗೆ ಒಂದು ಈಮೇಲ್ ಹಾಕ್ಸಿ.

ಕೀಲುಕೂಟ

ನಾನು ಫಿಸಿಕಲ್ ಥೆರಪಿಸ್ಟ್. ಇಂಥ ಭುಜಗಳನ್ನ ಪ್ರತಿ ಚಳಿಗಾಲ ನೋಡ್ತೀನಿ, ಹಾಗಾಗಿ ಒಳಗೆ ಏನಾಗತ್ತೆ ಅಂತ ಹೇಳ್ತೀನಿ.

ಭುಜದ ತುದೀಲಿ ಕೈಗೆ ಸಿಗೋ ಮೂಳೆಯ ಅಂಚಿದೆಯಲ್ಲ, ಅದು ಅಕ್ರೋಮಿಯನ್. ಲಸಿಕೆ ಹೋಗಬೇಕಾದ್ದು ಅದಕ್ಕಿಂತ ಎರಡು ಮೂರು ಬೆರಳು ಕೆಳಗಿನ ದಪ್ಪ ಸ್ನಾಯುವಿಗೆ, ಡೆಲ್ಟಾಯ್ಡ್‌ಗೆ. ಅಂಚಿಗೆ ಹತ್ತಿರ ಚುಚ್ಚಿದ್ರೆ ಸ್ನಾಯುವಿನ ಕೆಳಗಿರೋ ಬರ್ಸಾ ಅನ್ನೋ ತೆಳು ಚೀಲಕ್ಕೋ, ಸ್ನಾಯುರಜ್ಜುವಿಗೋ ಮದ್ದು ಹೋಗಬಹುದು. ಸ್ನಾಯುವಿನಲ್ಲಿ ರೋಗನಿರೋಧಕ ಶಕ್ತಿ ಎಬ್ಬಿಸೋಕೆ ಮಾಡಿದ ಮದ್ದದು. ಚೀಲದೊಳಗೆ ಹೋದ್ರೆ ಅಲ್ಲೇ ಉರಿಯೂತ ಎಬ್ಬಿಸತ್ತೆ. ನೋವಿಗೆ ಹೆದರಿ ಜನ ಕೈ ಆಡಿಸೋದು ಬಿಡ್ತಾರೆ, ಆಮೇಲೆ ಕೀಲಿನ ಸುತ್ತಲ ಪೊರೆ ಬಿಗಿಯಾಗತ್ತೆ. ನಿಮ್ಮದು ಬರ್ಸೈಟಿಸ್‌ನಿಂದ ಫ್ರೋಜನ್ ಶೋಲ್ಡರ್‌ಗೆ ಹೋಗಿದ್ದು ಅದೇ ದಾರಿ.

ನೀವು ಬರೆದ ಎರಡು ವಿಷಯ ನನ್ನ ಕಣ್ಣಿಗೆ ಬಿತ್ತು. ಒಂದು, ಕತ್ತಿನ ಕಡೆಯಿಂದ ಬಟ್ಟೆ ಜಗ್ಗಿದ್ದು. ಹಾಗೆ ಜಗ್ಗಿದಾಗ ಕಾಣೋದು ಭುಜದ ಮೇಲ್ಭಾಗ ಮಾತ್ರ, ರಟ್ಟೆ ಕಾಣೋದೇ ಇಲ್ಲ. ಎರಡು, ಹಾಕಿದವರು ನಿಂತಿದ್ದು. ನಿಂತು ಕೆಳಗೆ ನೋಡ್ತಾ ಚುಚ್ಚಿದ್ರೆ ಮೇಲಕ್ಕೆ ಹೋಗೋ ಸಂಭವ ಹೆಚ್ಚು. ಇಬ್ಬರೂ ಕೂತಿರಬೇಕು. ಈ ವಿವರ, ಆ ಬ್ಯಾಂಡೇಜಿನ ಜಾಗ, ಎಲ್ಲಾ ನಿಮ್ಮ ಅಫಿಡವಿಟ್‌ನಲ್ಲಿ ಇರ್ಲಿ.

ಸತ್ಯಶೋಧಕ77

ಇದಕ್ಕೇ ನಾನು ಹೇಳೋದು ಯಾವ ಲಸಿಕೇನೂ ಬೇಡ ಅಂತ. ದುಡ್ಡು ಕೊಡ್ತಿದ್ದಾರೆ ಅಂದ್ರೆ ಒಪ್ಕೊಂಡ ಹಾಗೇ ತಾನೇ?

ಕೀಲುಕೂಟ

ಸೂಜಿ ಎರಡು ಬೆರಳು ಕೆಳಗೆ ಹೋಗಿದ್ರೆ ಈ ಪೋಸ್ಟೇ ಇರ್ತಿರ್ಲಿಲ್ಲ. ತಪ್ಪಿದ್ದು ಜಾಗ. ನಾನು ಪ್ರತಿವರ್ಷ ಹಾಕಿಸ್ಕೋತೀನಿ, ತೋಳಿಲ್ಲದ ಬನಿಯನ್ ಹಾಕ್ಕೊಂಡು ಹೋಗ್ತೀನಿ.

ನಿರ್ವಾಹಕರು

ಲಸಿಕೆ ಬೇಕೋ ಬೇಡವೋ ಅನ್ನೋ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ಬಂದ ಮುಂದಿನ ಆರು ಉತ್ತರಗಳನ್ನು ಅಲ್ಲಿಗೆ ಸಾಗಿಸಿದ್ದೇವೆ.

ಎಡಗೈನೋವು

ನಿನ್ನೆ ಒಬ್ಬ ಲಾಯರ್ ಆಫೀಸಿನವರ ಜೊತೆ ಮಾತಾಡ್ದೆ. ಅವರು ಹೇಳಿದ ಹಾಗೆ ರೆಕಾರ್ಡ್ ತರಿಸ್ಕೊಂಡೆ. ನೋಡಿ ಎದೆ ಧಸಕ್ಕೆಂತು. ಫಾರ್ಮಸಿ ರೆಕಾರ್ಡಲ್ಲಿ "ಬಲಗೈ" ಅಂತಿದೆ! ಡಾಕ್ಟರ ಜನವರಿ ನೋಟಲ್ಲಿ "ಎರಡು ತಿಂಗಳಿಂದ ಎಡಭುಜ ನೋವು, ಪೆಟ್ಟು ಬಿದ್ದ ನೆನಪಿಲ್ಲ" ಅಂತ ಬರೆದಿದ್ದಾರೆ. ಲಸಿಕೆ ಅನ್ನೋ ಪದವೇ ಇಲ್ಲ. ನಾನು ಹೇಳಿದ್ದೆ, ನೂರಕ್ಕೆ ನೂರು ಹೇಳಿದ್ದೆ. ಹತ್ತು ನಿಮಿಷದ ಭೇಟಿಯಲ್ಲಿ ಕಂಪ್ಯೂಟರ್ ನೋಡ್ಕೊಂಡೇ ಟೈಪ್ ಮಾಡ್ತಿದ್ರು. ಇನ್ನೇನು ಉಳೀತು?

ಮಲಪ್ರಭಾದಂಡೆ

ನಂದು ಬಿದ್ದು ಹೋತ್ರಿ. ಯಾಕ ಅಂತ ಹೇಳ್ತೀನಿ, ಅಕ್ಕಾರಿಗೆ ಉಪಯೋಗ ಆದ್ರ ಆಗ್ಲಿ.

2019ರ ಡಿಸೆಂಬರ್‌ದಾಗ ಟಿಡ್ಯಾಪ್ (ಧನುರ್ವಾಯು, ಡಿಫ್ತೀರಿಯಾ, ನಾಯಿಕೆಮ್ಮಿನ ಲಸಿಕಿ) ಹಾಕಿಸ್ಕೊಂಡಿದ್ದೆ. ಮರುದಿನಾನ ಕೈ ಎತ್ತಾಕ ಬರ್ಲಿಲ್ಲ. ಡಾಕ್ಟರ್ ಕಡೆ ಎರಡ ಸಲ ಹೋದೆ, ಲಸಿಕಿ ಹಾಕಿದ ಮ್ಯಾಲ ಶುರು ಆತು ಅಂತ ಚಂದಂಗ ಬರದಿದ್ರು. ಆಮ್ಯಾಲ ಮಾರ್ಚ್ ಬಂತು, ಕೋವಿಡ್ ಬಂತು, ಎಲ್ಲಾ ಬಂದ್. ಮನ್ಯಾಗ ಕುಂತು ವಿಡಿಯೋ ನೋಡಿ ವ್ಯಾಯಾಮ ಮಾಡ್ಕೊಂಡೆ. ಬ್ಯಾನಿ ವರ್ಷಗಟ್ಟಲೆ ಇತ್ತರಿ. ಆದ್ರ ಆರು ತಿಂಗಳ ಮ್ಯಾಲೂ ತ್ರಾಸ ಇತ್ತು ಅನ್ನೂದಕ್ಕ ನನ್ನ ಕಡೆ ಒಂದ ಹಾಳಿನೂ ಇರ್ಲಿಲ್ಲ. ಬರೇ ನನ್ನ ಬಾಯಿಮಾತು. ಸ್ಪೆಷಲ್ ಮಾಸ್ಟರ್, ಅಂದ್ರ ಈ ಕೇಸ್ ಕೇಳಿ ತೀರ್ಪು ಕೊಡೂ ಅಧಿಕಾರಿ, ಒಪ್ಪಲಿಲ್ಲ. ನಮ್ಮ ಲಾಯರಿಗೆ ಕೋರ್ಟ್ ರೊಕ್ಕ ಕೊಡ್ತು, ನನಗ ಖರ್ಚು ಆಗ್ಲಿಲ್ಲ. ಬಂದೂ ಇಲ್ಲ.

ನಿಮ್ಮ ಕಡೆ ಜೂನ್ ತನಕಾ ಪಿಟಿ ಐತಿ. ಅಕ್ಟೋಬರ್‌ಗೆ ಆರು ಕೂಡ್ಸಿದ್ರ ಏಪ್ರಿಲ್. ನನಗ ಸಿಗದ ಹಾಳಿ ನಿಮ್ಮ ಕೈಯಾಗ ಐತಿ. ಅಳಬ್ಯಾಡ್ರಿ.

ಕಡತಪ್ಪ

ಮಲಪ್ರಭಾ ಅವರು ಹೇಳಿದ್ದು ಬಂಗಾರದಂಥ ಮಾತು. ಈ ಕೇಸುಗಳು ಗೆಲ್ಲೋದೂ ಸೋಲೋದೂ ವಾದದಲ್ಲಲ್ಲ, ಹಾಳೆಯಲ್ಲಿ.

"ಬಲಗೈ" ಬಗ್ಗೆ ಅಷ್ಟು ಗಾಬರಿ ಬೇಡ. ಫಾರ್ಮಸಿ ಕಂಪ್ಯೂಟರ್‌ನಲ್ಲಿ ಎಡ ಬಲ ಅನ್ನೋದು ಒಂದು ಕ್ಲಿಕ್ಕು, ಎಷ್ಟೋ ಸಲ ಚುಚ್ಚೋಕೆ ಮುಂಚೆಯೇ ಒತ್ತಿಟ್ಟಿರ್ತಾರೆ. ಇಂಥ ನಮೂದು ತಪ್ಪಿರೋದು ಅಪರೂಪವಲ್ಲ ಅಂತ ಸ್ಪೆಷಲ್ ಮಾಸ್ಟರ್‌ಗಳೇ ತೀರ್ಪುಗಳಲ್ಲಿ ಬರೆದು, ರೋಗಿಯ ಮಾತನ್ನೂ ಉಳಿದ ರೆಕಾರ್ಡನ್ನೂ ನಂಬಿದ್ದಿದೆ. ತೀರ್ಪುಗಳು ಕೋರ್ಟಿನ ವೆಬ್‌ಸೈಟಲ್ಲೇ ಸಿಗತ್ತೆ, ಒಂದು ರಾತ್ರಿ ಕೂತು ಓದಿ, ನಿದ್ದೆ ಮಾತ್ರೆಗಿಂತ ಒಳ್ಳೇದು.

ನಿಜವಾದ ತಲೆನೋವು "ಎರಡು ತಿಂಗಳಿಂದ" ಅನ್ನೋದು. 48 ಗಂಟೆ ಷರತ್ತಿಗೆ ನೇರವಾಗಿ ಹೊಡೆಯತ್ತೆ. ಅದನ್ನ ಮೀರಿಸೋಕೆ ಆ ದಿನಗಳಲ್ಲೇ ಹುಟ್ಟಿದ ಬೇರೆ ಬರಹ ಬೇಕು. ಈಗ ಹುಡುಕಿ: ಪಿಟಿಯ ಮೊದಲ ದಿನ ನೀವೇ ತುಂಬಿದ ಫಾರಂ. ಡಾಕ್ಟರ ಪೋರ್ಟಲ್‌ನಲ್ಲಿ ನರ್ಸ್‌ಗೆ ಕಳಿಸಿದ ಮೆಸೇಜು. ಮ್ಯಾನೇಜರ್‌ಗೆ ಹಾಕಿದ ಸಿಕ್ ಲೀವ್ ಮೇಲ್. ವಾಟ್ಸಾಪ್. ಡಾಕ್ಟರಿಗೆ ಹೋಗಿ ಹಳೇ ನೋಟ್ ತಿದ್ದಿ ಅಂತ ಮಾತ್ರ ಕೇಳ್ಬೇಡಿ. ಕೇಸ್ ಹಾಕೋ ಟೈಮಲ್ಲಿ ತಿದ್ದಿದ ನೋಟ್ ಕಂಡ್ರೆ ಎದುರಿನವರು ಅಲ್ಲೇ ಹಿಡೀತಾರೆ.

ತುಂಗಾತೀರ

ಮಧ್ಯೆ ಬರ್ತಿದ್ದೀನಿ, ಕ್ಷಮಿಸಿ. ನಮ್ಮ ತಂದೆಗೆ 2023ರಲ್ಲಿ ಕೋವಿಡ್ ಬೂಸ್ಟರ್ ಹಾಕಿಸಿದ ಮೇಲೆ ಇದೇ ಥರ ಆಗಿತ್ತು. ಅತ್ತೆಯವರಿಗೆ ಶಿಂಗಲ್ಸ್ (ಸರ್ಪಸುತ್ತು) ಲಸಿಕೆ ಆದ್ಮೇಲೂ ಭುಜ ನೋವಿದೆ. ಇವಕ್ಕೂ ಇದೇ ಅರ್ಜಿಯಾ?

ಕಡತಪ್ಪ

ಎರಡೂ ಇದರೊಳಗೆ ಬರಲ್ಲ. ಕೋವಿಡ್ ಲಸಿಕೆಗೆ ಇರೋದು ಬೇರೆ ಪ್ರೋಗ್ರಾಂ, ಸಿಐಸಿಪಿ ಅಂತ. ಅದಕ್ಕೆ ಕೋರ್ಟ್ ಇಲ್ಲ, ಲಾಯರ್ ಫೀ ಕೊಡಲ್ಲ, ನೋವು ಸಂಕಟಕ್ಕೆ ಪರಿಹಾರ ಇಲ್ಲ. ಇನ್ಶೂರೆನ್ಸ್ ಕೊಡದ ಆಸ್ಪತ್ರೆ ಖರ್ಚು, ಹೋದ ಸಂಬಳದ ಒಂದು ಭಾಗ, ಅಷ್ಟೇ. ಅರ್ಜಿಗೆ ಲಸಿಕೆ ಹಾಕಿದ ದಿನದಿಂದ ಒಂದೇ ವರ್ಷ. ತಂದೆಯವರದ್ದು ದಾಟಿಹೋಗಿದೆ. ಹೇಳೋಕೆ ಬೇಜಾರು.

ಶಿಂಗಲ್ಸ್ ಲಸಿಕೆ ಪಟ್ಟಿಯಲ್ಲೇ ಇಲ್ಲ. ಮಕ್ಕಳಿಗೋ ಗರ್ಭಿಣಿಯರಿಗೋ ವಾಡಿಕೆಯಾಗಿ ಕೊಡಬೇಕು ಅಂತ ಸಿಡಿಸಿ (ಇಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ) ಶಿಫಾರಸು ಮಾಡಿದ ಲಸಿಕೆಗಳು ಮಾತ್ರ ಪಟ್ಟಿಗೆ ಬರೋದು. ಫ್ಲೂ, ಟಿಡ್ಯಾಪ್, ಹೆಪಟೈಟಿಸ್ ಎ ಬಿ, ಎಚ್‌ಪಿವಿ ಎಲ್ಲಾ ಇದೆ. ಅತ್ತೆಯವರ ವಿಷಯ ಆ ರಾಜ್ಯದ ಮಾಮೂಲಿ ಕೋರ್ಟಲ್ಲಿ, ಹಾಕಿದವರ ನಿರ್ಲಕ್ಷ್ಯ ಅಂತ ತೋರಿಸ್ಬೇಕು. ಅಲ್ಲಿನ ಗಡುವು ರಾಜ್ಯಕ್ಕೊಂದು ಥರ, ಇಲ್ಲಿಗಿಂತ ಕಮ್ಮಿ ಇರಬಹುದು. ಆ ರಾಜ್ಯದ ಲಾಯರನ್ನ ಬೇಗ ಕೇಳಿ.

ಅಂದಹಾಗೆ, ಅವರು ವಿಸಿಟರ್ ವೀಸಾದಲ್ಲಿ ಬಂದಾಗ ಇಲ್ಲೇ ಫ್ಲೂ ಶಾಟ್ ಹಾಕಿಸಿ ಹೀಗೇನಾದ್ರೂ ಆಗಿದ್ರೆ, ಅದು ಇದರೊಳಗೆ ಬರತ್ತೆ.

ಸುಮ್ನೆಓದುಗ

ಮೊದಲು ಹೇಳಿದ್ದು ತಪ್ಪು, ಒಪ್ಕೋತೀನಿ. ಆದ್ರೂ ಒಂದು ಪ್ರಶ್ನೆ: ಇನ್ಶೂರೆನ್ಸ್ ಖರ್ಚು ಕೊಟ್ಟಾಯ್ತಲ್ಲ, ಮತ್ತೆ ಸರ್ಕಾರದ ದುಡ್ಡು ಯಾಕೆ?

ಕಡತಪ್ಪ

ನಿಮ್ಮ ನಮ್ಮ ಇನ್‌ಕಮ್ ಟ್ಯಾಕ್ಸ್ ಅಲ್ಲ ಅದು. ಪಟ್ಟಿಯಲ್ಲಿರೋ ಪ್ರತಿ ಡೋಸಿನ ಮೇಲೆ, ಅದು ತಡೆಯೋ ಒಂದೊಂದು ರೋಗಕ್ಕೂ 75 ಸೆಂಟ್ ತೆರಿಗೆ ಹಾಕಿ ಒಂದು ನಿಧಿ ಮಾಡಿದ್ದಾರೆ. ಫ್ಲೂಗೆ 75 ಸೆಂಟ್, ಎಂಎಂಆರ್‌ಗೆ ಮೂರು ರೋಗ ಅಂತ 2 ಡಾಲರ್ 25 ಸೆಂಟ್. ಇವರು ಹಾಕಿಸ್ಕೊಂಡ ಡೋಸಿಂದಲೂ ಆ 75 ಸೆಂಟ್ ಹೋಗಿದೆ. ಇಂಥವರಿಗೇ ಇಟ್ಟಿರೋ ದುಡ್ಡು.

ಎಷ್ಟು ಬರತ್ತೆ ಅಂತ ಇನ್ನೂ ಮೂರು ಜನ ಖಾಸಗಿಯಾಗಿ ಕೇಳಿದ್ದೀರಿ. ಆಗಿಹೋದ ಮತ್ತು ಮುಂದಿನ ನೋವು ಸಂಕಟಕ್ಕೆ ಕಾನೂನಿನ ಮಿತಿ ಎರಡೂವರೆ ಲಕ್ಷ ಡಾಲರ್, 1986ರಿಂದ ಅಷ್ಟೇ ಇದೆ, ಒಂದು ಡಾಲರ್ ಏರಿಲ್ಲ. ಅದಲ್ಲದೆ ಜೇಬಿಂದ ಹೋದ ಖರ್ಚು, ಹೋದ ಸಂಬಳ. ಭುಜದ ಕೇಸುಗಳು ಆ ಮಿತಿ ಮುಟ್ಟೋದು ಕಮ್ಮಿ. ಆಪರೇಷನ್ ಆಗಿದ್ರೆ ಒಂದು ಲಕ್ಷ ದಾಟೋದು ಸಾಮಾನ್ಯ, ಪಿಟಿಯಲ್ಲೇ ಮುಗಿದಿದ್ರೆ ಅದಕ್ಕಿಂತ ಕೆಳಗೆ. ಡಾಕ್ಟರ ಹತ್ರ ತಡವಾಗಿ ಹೋಗಿದ್ರೆ, ಮಧ್ಯೆ ತಿಂಗಳುಗಟ್ಟಲೆ ಬಿಟ್ಟಿದ್ರೆ, "ಅಷ್ಟು ನೋವಿದ್ರೆ ಯಾಕೆ ಹೋಗ್ಲಿಲ್ಲ" ಅಂತ ಕಡಿತ ಮಾಡ್ತಾರೆ. ಸಹಿಸ್ಕೊಂಡವರಿಗೇ ಕಮ್ಮಿ. ನಂಗದು ಇವತ್ತಿಗೂ ಅನ್ಯಾಯ ಅನ್ಸತ್ತೆ.

ನನಗೆ ಅರ್ಜಿಯಿಂದ ಚೆಕ್ ತನಕ ಎರಡೂವರೆ ವರ್ಷ ಹಿಡೀತು. ಸ್ಪೆಷಲ್ ಮಾಸ್ಟರ್‌ಗಳು ಇಡೀ ದೇಶಕ್ಕೆ ಎಂಟೇ ಜನ, ಕಾನೂನೇ ಹಾಗೆ ಮಿತಿ ಹಾಕಿದೆ. ನಡುವೆ ಏಳು ತಿಂಗಳು ಒಂದು ಈಮೇಲೂ ಇರ್ಲಿಲ್ಲ.

ಎಡಗೈನೋವು

ಸಿಕ್ಕಿತು!! ಮೂರು ಸಿಕ್ಕಿತು.

ಒಂದು, ಪಿಟಿ ಫಾರಂ. "ನೋವು ಯಾವಾಗ, ಹೇಗೆ ಶುರುವಾಯ್ತು" ಅನ್ನೋ ಸಾಲಲ್ಲಿ ನನ್ನದೇ ಕೈಬರಹ: ಅಕ್ಟೋಬರ್ 14, ಫ್ಲೂ ಶಾಟ್, ಅದೇ ರಾತ್ರಿ. ಪಕ್ಕದ ಮನುಷ್ಯನ ಚಿತ್ರದಲ್ಲಿ ಎಡಭುಜಕ್ಕೆ ಗೋಲ ಹಾಕಿ, ಪೆನ್ನು ಕಾಗದ ಹರಿಯೋ ಅಷ್ಟು ಒತ್ತಿದ್ದೀನಿ.

ಎರಡು, ಪೋರ್ಟಲ್. ಅಕ್ಟೋಬರ್ 24ಕ್ಕೆ ನರ್ಸ್‌ಗೆ ಬರೆದಿದ್ದೆ, ಪೂರ್ತಿ ಮರ್ತಿದ್ದೆ. "ಹತ್ತು ದಿನದ ಹಿಂದೆ ಫ್ಲೂ ಶಾಟ್ ಹಾಕಿದ ಎಡಗೈ ಇನ್ನೂ ನೋಯ್ತಿದೆ, ಇದು ನಾರ್ಮಲ್ಲಾ?" ಅಂತ. ಅವರ ಉತ್ತರ: ಐಸ್ ಇಡಿ, ಕಮ್ಮಿಯಾಗತ್ತೆ.

ಮೂರು, ಆ ರಾತ್ರಿ 11:40ಕ್ಕೆ ತಂಗಿಗೆ ಹಾಕಿದ ವಾಟ್ಸಾಪ್: "ಹಾಳಾದ್ ಸೂಜಿ ಕಣೇ, ಎಡಗಡೆ ಮಲಗೋಕೇ ಆಗ್ತಿಲ್ಲ."

ಕೀಲುಕೂಟ

ಪೆನ್ನು ಒತ್ತಿದ್ದು ನೋಡಿ, ಅದೂ ಒಂದು ಸಾಕ್ಷಿ. ಫಾರಂನ ಮೂಲ ಪ್ರತೀನೇ ಸ್ಕ್ಯಾನ್ ಮಾಡಿಸಿ ಕೇಳಿ. ಕೆಲವು ಕ್ಲಿನಿಕ್‌ಗಳು ರೆಕಾರ್ಡ್ ಕಳಿಸುವಾಗ ಟೈಪ್ ಮಾಡಿದ ಸಾರಾಂಶ ಮಾತ್ರ ಕಳಿಸ್ತಾವೆ. ಭುಜ ಎಷ್ಟು ಡಿಗ್ರಿ ಎತ್ತೋಕಾಗ್ತಿತ್ತು ಅನ್ನೋ ಅಳತೆಯ ಹಾಳೆಗಳನ್ನೂ ತರಿಸಿ.

ಕಡತಪ್ಪ

ಇನ್ನೇನು ಬೇಕು! ಮೂರೂ ಲಾಯರ್‌ಗೆ ಇವತ್ತೇ ಕಳಿಸಿ. ಕೆಲವು ರೆಕಾರ್ಡ್ ಬರೋದು ತಡವಾದ್ರೂ ಗಡುವಿನ ಒಳಗೆ ಅರ್ಜಿ ಮಾತ್ರ ಹೋಗ್ಲಿ, ಉಳಿದದ್ದು ಆಮೇಲೆ ಸೇರಿಸಬಹುದು.

ಒಂದು ಕಿವಿಮಾತು. ತೀರ್ಪು ಬಂದ್ರೆ ಅದು ಹೆಸರು ಸಮೇತ ಕೋರ್ಟಿನ ವೆಬ್‌ಸೈಟ್‌ಗೆ ಹೋಗತ್ತೆ. ಖಾಸಗಿ ವೈದ್ಯಕೀಯ ವಿವರ ಮರೆಮಾಡಿ ಅಂತ ಕೇಳೋಕೆ 14 ದಿನ ಇರತ್ತೆ. ನಾನು ಕೇಳ್ಲಿಲ್ಲ. ಈಗ ಗೂಗಲ್ ಮಾಡಿದ್ರೆ ನನ್ನ ಬಲಭುಜದ ಜಾತಕವೇ ಸಿಗತ್ತೆ.

ಎಡಗೈನೋವು (2025 ಸೆಪ್ಟೆಂಬರ್)

ಅಪ್‌ಡೇಟ್. ಹೋದವಾರ ಪಿಟಿಷನ್ ಫೈಲ್ ಆಯ್ತು, ಕೇಸ್ ನಂಬರ್ ಬಂತು. ಯಜಮಾನ್ರು ಸಾಕ್ಷಿಯಾಗಿ ಅಫಿಡವಿಟ್ ಬರೆದ್ರು, ಆರು ತಿಂಗಳು ನನ್ನ ಜಡೆ ತಾವೇ ಹಾಕಿದ್ದು ಅಂತ ಅದರಲ್ಲಿ ನಾಲ್ಕು ಸಾಲು. ಬೇಡ ಅಂದವರೇ ನನಗಿಂತ ಉದ್ದ ಬರೆದ್ರು.

ವಾಟ್ಸಾಪ್ ಮೆಸೇಜ್ ಇಂಗ್ಲಿಷಿಗೆ ತರ್ಜುಮೆ ಮಾಡಿಸಿ, ಮಾಡಿದವರ ಸಹಿ ಹಾಕಿಸ್ಬೇಕಾಯ್ತು. ಲಾಯರ್ ಆಫೀಸಿನ ಹುಡುಗ ಫೋನ್ ಮಾಡಿ ಕೇಳ್ದ, "ಹಾಳಾದ್ ಸೂಜಿ" ಅಂದ್ರೆ ಸೂಜಿ ಮುರಿದಿತ್ತು ಅಂತಲೇ, ಹಾಗಿದ್ರೆ ಬೇರೆ ಕೇಸಾಗತ್ತೆ ಅಂತ. ಅದು ಬೈಗುಳ ಕಣಪ್ಪ ಅಂತ ಹೇಳೋಕೆ ಹತ್ತು ನಿಮಿಷ. ಆಮೇಲೆ "ಕಣೇ" ಅಂದ್ರೆ ಏನು ಅಂದ.

ಕಡತಪ್ಪ

ಏನಂದ್ರಿ?

ಎಡಗೈನೋವು

ಅದನ್ನ ಬಿಟ್ಬಿಡಪ್ಪ ಅಂದೆ.